ಕೊಬ್ಬು ಕರಗಿಸುವ ಚುಚ್ಚುಮದ್ದು: ಕಾಫಿಮಲೆಯ ದೃಷ್ಟಿಯಿಂದ ಒಂದು ವಿಚಾರ

ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸದ ಕಾಫಿಮಲೆಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಬಾಬಾಬುಡನ್‌ಗಿರಿಯ ಕಾಫಿಬೀಜದಿಂದ ತೊಡಗಿ, ತೋಟಗಳ ವಿಸ್ತಾರ, ಕೂಲಿಯಾಳುಗಳ ವಲಸೆ, ಧಾರಣೆಯ ಏರಿಳಿತಗಳ ಕಡೆಗೆ ಸಾಗುತ್ತಾರೆ. ಇಲ್ಲಿಯ ಜನರ ಮೈಯೊಳಗೆ ಹೊಕ್ಕ ಮದ್ದುಗಳ ಚರಿತ್ರೆಯನ್ನು ಬರೆದವರು ಕಡಮೆ. ಪ್ರಕೃತ ಲೇಖನದಲ್ಲಿ ನಾವು ಆ ಚರಿತ್ರೆಯ ತೀರ ಈಚಿನ ಒಂದು ಪ್ರಕರಣವನ್ನು, ಎಂದರೆ ಸೌಂದರ್ಯಾರ್ಥವಾಗಿ ಕೊಬ್ಬನ್ನು ಕರಗಿಸಲೆಂದು ಚರ್ಮದಡಿಗೆ ಕೊಡುವ ಚುಚ್ಚುಮದ್ದನ್ನು, ವಿಚಾರಕ್ಕೆ ತೆಗೆದುಕೊಂಡಿದ್ದೇವೆ. ನಾವು ವೈದ್ಯರಲ್ಲ. ಆದರೆ ಒಂದು ಮದ್ದು ಎಲ್ಲಿ ಹುಟ್ಟಿತು, ಯಾರ ಕೈಯಿಂದ ಯಾರ ಕೈಗೆ ದಾಟಿತು, ಅನಾಹುತವಾದಾಗ ಯಾರು ಉತ್ತರ ಹೇಳಿದರು ಎಂಬವು ಚರಿತ್ರೆಯ ಪ್ರಶ್ನೆಗಳೇ. ನಮ್ಮ ಕಾಲೇಜುಗಳ ವಿದ್ಯಾರ್ಥಿ ವಿದ್ಯಾರ್ಥಿನಿಯರ ಕೈಯ ಮೊಬೈಲುಗಳಲ್ಲಿ ಇದರ ಜಾಹೀರಾತುಗಳು ಬೆಳಗಾದರೆ ಕಾಣಿಸಿಕೊಳ್ಳುತ್ತಿರುವಾಗ, ಆ ಪ್ರಶ್ನೆಗಳನ್ನು ತರಗತಿಯಲ್ಲಿ ಎತ್ತದಿರುವುದು ಅಧ್ಯಾಪಕರಿಗೆ ಶೋಭಿಸುವ ಮಾತಲ್ಲ.

ಈ ಮಲೆಗಳಿಗೆ ಸೂಜಿ ಹೊಸತಲ್ಲ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮಲೆನಾಡೆಂದರೆ ಮಲೇರಿಯದ ನಾಡೆಂದು ಬಯಲುಸೀಮೆಯವರು ಹೆದರುತ್ತಿದ್ದರು. ೧೯೨೦ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯದ ಸಂಶೋಧನೆಯನ್ನು ಕೈಗೊಂಡಾಗ ಮೂಡಿಗೆರೆಯೂ ಅದರ ಕ್ಷೇತ್ರಗಳಲ್ಲೊಂದಾಗಿತ್ತು. ೧೯೫೧ರ ತೋಟ ಕಾರ್ಮಿಕರ ಕಾಯಿದೆಯು ಕಾರ್ಮಿಕರಿಗೆ ವೈದ್ಯಸೌಕರ್ಯವನ್ನು ಒದಗಿಸುವ ಹೊಣೆಯನ್ನು ತೋಟದ ಒಡೆಯರ ಮೇಲೆ ಹೊರಿಸಿತು. ದೊಡ್ಡ ಎಸ್ಟೇಟುಗಳ ಔಷಧಾಲಯಗಳಲ್ಲಿ ಕಂಪೌಂಡರರು ಕಾಣಿಸಿಕೊಂಡರು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಮುಂದೆ ಈ ಜಿಲ್ಲೆಗೂ ಹಬ್ಬಿದಾಗ, ಅದರ ಲಸಿಕೆಯೂ ಕಾಡಂಚಿನ ಹಳ್ಳಿಗಳಿಗೆ ಬಂದಿತು. ಹೀಗೆ ಎರಡು ಮೂರು ತಲೆಮಾರುಗಳ ಅವಧಿಯಲ್ಲಿ ಸೂಜಿಯ ವಿಷಯದಲ್ಲಿ ಒಂದು ಬಗೆಯ ನಂಬಿಕೆ ಬೇರೂರಿತು. ಬರಿಯ ಗುಳಿಗೆ ಕೊಟ್ಟು ಕಳುಹಿಸಿದರೆ ಆಸ್ಪತ್ರೆಗೆ ಹೋಗಿಬಂದ ಸಮಾಧಾನವಿಲ್ಲ. ಸೂಜಿ ಹಾಕಿಸಿಕೊಂಡರೆ ಮದ್ದು ಮೈಗೆ ಹಿಡಿಯಿತೆಂಬ ಧೈರ್ಯ.

ಆ ನಂಬಿಕೆಗೆ ತಕ್ಕ ಆಧಾರವೂ ಉಂಟು, ತಕ್ಕ ಅಪಾಯವೂ ಉಂಟು. ಕನ್ನಡದ 'ಮದ್ದು' ಎಂಬ ಶಬ್ದವನ್ನೇ ನೋಡಬಹುದು. ಅದು ಔಷಧಕ್ಕೂ ಸಲ್ಲುತ್ತದೆ, ಕೋವಿಗೆ ತುಂಬುವ ಪುಡಿಗೂ ಸಲ್ಲುತ್ತದೆ. 'ಮದ್ದು ಹಾಕಿದರು' ಎಂದು ಮಲೆನಾಡಿನ ಹಳಬರು ಹೇಳಿದರೆ ವಿಷಪ್ರಯೋಗವೆಂದೇ ಅರ್ಥ. ಒಂದೇ ಮಾತಿನೊಳಗೆ ಇಷ್ಟನ್ನೂ ಇಟ್ಟ ನಮ್ಮ ಪೂರ್ವಿಕರಿಗೆ ಮದ್ದು ಕೊಡುವವನ ಕೈಯನ್ನು ನೋಡಬೇಕೆಂಬ ಎಚ್ಚರವಿತ್ತು. ೧೯೦೨ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಗ್ರಾಮದಲ್ಲಿ ಪ್ಲೇಗಿನ ಲಸಿಕೆ ಹಾಕಿಸಿಕೊಂಡವರ ಪೈಕಿ ೧೯ ಮಂದಿ ಧನುರ್ವಾಯುವಿನಿಂದ ಸತ್ತರು. ಅವರೆಲ್ಲರಿಗೂ ಮದ್ದು ಬಂದದ್ದು ಒಂದೇ ಸೀಸೆಯಿಂದ. ಲಸಿಕೆಯನ್ನು ಕಂಡುಹಿಡಿದ ಹಾಫ್‌ಕಿನ್ ಪಂಡಿತನ ಮೇಲೆ ಅಪವಾದ ಬಂದು, ಅದು ತೊಳೆದುಹೋಗಲು ವರ್ಷಗಳೇ ಹಿಡಿದುವು. ಮದ್ದು ಒಳ್ಳೆಯದಿರಬಹುದು, ಸೀಸೆ ಕೆಟ್ಟಿರಬಹುದು. ಈ ಶತಮಾನದ ಮೊದಲ ದಶಕದಲ್ಲಿ ಭಾರತದಾದ್ಯಂತ ನಡೆದ ಒಂದು ದೊಡ್ಡ ಸಮೀಕ್ಷೆಯು ದೇಶದಲ್ಲಿ ಕೊಡಲಾಗುತ್ತಿದ್ದ ಚುಚ್ಚುಮದ್ದುಗಳಲ್ಲಿ ಹೆಚ್ಚುಕಡಮೆ ಮೂರರಲ್ಲಿ ಎರಡು ಪಾಲು ಸುರಕ್ಷಿತವಲ್ಲವೆಂದು ಕಂಡುಕೊಂಡಿತು. ೨೦೦೯ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದರಿಂದ ಕಾಮಾಲೆಯ ಬಿ ವೈರಸ್ ಹರಡಿ ಹತ್ತಾರು ಜನ ಸತ್ತದ್ದು ವಾಚಕರಲ್ಲಿ ಕೆಲವರಿಗಾದರೂ ನೆನಪಿರಬಹುದು.

ಇಷ್ಟು ಪೀಠಿಕೆಯೊಂದಿಗೆ ಪ್ರಸ್ತುತಕ್ಕೆ ಬರೋಣ. ಕೊಬ್ಬನ್ನು ಕುರಿತ ಅಭಿರುಚಿಯೇ ಮೊದಲು ಬದಲಾಯಿತು ಎಂಬುದನ್ನು ಗಮನಿಸಬೇಕು. ಹಳಗನ್ನಡ ಕಾವ್ಯಗಳ ನಾಯಿಕೆಗೆ ಹೊಟ್ಟೆಯ ಮೇಲಣ ಮೂರು ಮಡಿಕೆಗಳು, ಎಂದರೆ ತ್ರಿವಳಿ, ಚೆಲುವಿನ ಗುರುತು. ಮೂರು ಗೆರೆಯಿರುವ ಶಂಖದಂತಹ ಕೊರಳು ಸುಲಕ್ಷಣ. ಕಂಬುಕಂಠವೆಂಬ ಹೆಸರು ಬಂದುದೇ ಅದರಿಂದ. ಚಿಕ್ಕಮಗಳೂರಿನಿಂದ ಒಂದು ಗಂಟೆಯೊಳಗೆ ತಲುಪಬಹುದಾದ ಬೇಲೂರಿನ ಮದನಿಕೆಯರ ತುಂಬಿದ ಮೈಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿತಿಮೀರಿದ ಸ್ಥೌಲ್ಯವನ್ನು ಚರಕಸಂಹಿತೆಯು ನಿಂದಿತ ದೇಹಗಳಲ್ಲಿ ಎಣಿಸಿದೆ, ನಿಜ. ಆದರೆ ಅಲ್ಲಿಯ ಕಾಳಜಿ ಆರೋಗ್ಯದ್ದು. ಇಂದು ಇಪ್ಪತ್ತರ ಹುಡುಗಿಯೊಬ್ಬಳು ಮದುವೆಯ ಫೋಟೋಗಳಿಗೆ ಮುನ್ನ ಗದ್ದದ ಕೆಳಗಿನ ಒಂದು ಮಡಿಕೆಯನ್ನು ದೋಷವೆಂದು ತಿಳಿದು ಮದ್ದಿಗೆ ಹೊರಡುತ್ತಾಳೆ. ಅವಳನ್ನು ಜರೆಯುವುದು ನಮ್ಮ ಉದ್ದೇಶವಲ್ಲ. ಹೋಗುವುದಾದರೆ ಏನನ್ನು ತಿಳಿದು ಹೋಗಬೇಕು ಎಂಬುದಷ್ಟೇ ವಿಚಾರ.

ಸೌಂದರ್ಯಕ್ಕಾಗಿ ಚರ್ಮದಡಿಗೆ ವಸ್ತುವನ್ನು ಚುಚ್ಚುವ ಪದ್ಧತಿ ೧೮೯೯ರಷ್ಟು ಹಳೆಯದು. ಆ ವರ್ಷ ವಿಯೆನ್ನಾ ನಗರದ ಗೆರ್ಸುನಿ ಎಂಬ ಶಸ್ತ್ರವೈದ್ಯನು ವ್ಯಾಸಲೀನನ್ನು ಕರಗಿಸಿ ಚುಚ್ಚಿ ದೇಹದ ಕೊರತೆಯನ್ನು ತುಂಬಬಹುದೆಂದು ತೋರಿಸಿದನು. ಕೆಲವೇ ವರ್ಷಗಳಲ್ಲಿ ಮೂಗು, ಕೆನ್ನೆ, ಸುಕ್ಕುಗಳಿಗೆ ಪ್ಯಾರಫಿನ್ ಮೇಣವನ್ನು ಚುಚ್ಚುವುದು ಯೂರೋಪು ಅಮೆರಿಕಗಳಲ್ಲಿ ಶೋಕಿಯಾಯಿತು. ಆಮೇಲೆ ಆ ಮೇಣ ಇದ್ದ ಕಡೆ ಇರದೆ ಜಾರಿತು, ಗಂಟುಕಟ್ಟಿತು, ಮುಖಗಳನ್ನು ವಿಕಾರಗೊಳಿಸಿತು. ಪದ್ಧತಿ ಬಿದ್ದುಹೋಯಿತು, ಆದರೆ ಗಂಟುಗಳು ಅವರವರ ಮುಖದಲ್ಲಿ ಉಳಿದುವು. ಅದು ತುಂಬುವ ಚುಚ್ಚುಮದ್ದಾದರೆ ನಾವು ಹೇಳುತ್ತಿರುವುದು ಕರಗಿಸುವ ಚುಚ್ಚುಮದ್ದು. ಎರಡಕ್ಕೂ ಸಮಾನವಾದದ್ದು, ತಿಳಿವಳಿಕೆಗಿಂತ ಮುಂಚೆ ವ್ಯಾಪಾರ ಓಡಿತೆಂಬುದು.

ಕರಗಿಸುವ ಮದ್ದಿನ ವೃತ್ತಾಂತವು ನಿಜಕ್ಕೂ ಕುತೂಹಲಕರವಾಗಿದೆ. ೧೯೫೨ರಲ್ಲಿ ಫ್ರಾನ್ಸಿನ ಪಿಸ್ತೋರ್ ಎಂಬ ವೈದ್ಯನು ಚರ್ಮದ ನಡುಪದರಕ್ಕೆ ಸಣ್ಣ ಸಣ್ಣ ಪ್ರಮಾಣದಲ್ಲಿ ಮದ್ದುಗಳನ್ನು ಚುಚ್ಚುವ ಕ್ರಮವನ್ನು ಆರಂಭಿಸಿ ಅದಕ್ಕೆ ಮೀಸೋಥೆರಪಿ ಎಂಬ ಹೆಸರಿತ್ತನು. ಅವನ ಉದ್ದೇಶ ನೋವಿನ ಶಮನವೇ ಮೊದಲಾದುದು. ಕೊಬ್ಬಿಗೆ ಈ ಸೂಜಿ ತಿರುಗಿದ್ದು ಅನಂತರ. ಯೂರೋಪಿನಲ್ಲಿ ಲಿಪೋಸ್ಟೇಬಿಲ್ ಎಂಬ ಮದ್ದನ್ನು ರಕ್ತನಾಳಕ್ಕೆ ಕೊಡುವುದಿತ್ತು. ಅದರಲ್ಲಿ ಮುಖ್ಯವಸ್ತು ಫಾಸ್ಫಟಿಡೈಲ್ ಕೋಲೀನ್, ಸೋಯಾ ಕಾಳಿನಿಂದ ಬರತಕ್ಕ ಒಂದು ಜಿಡ್ಡು. ಅದು ನೀರಿನಲ್ಲಿ ಕದಡಿ ನಿಲ್ಲಲೆಂದು ಪಿತ್ತರಸದ ಅಂಶವಾದ ಡಿಯಾಕ್ಸಿಕೋಲಿಕ್ ಆಮ್ಲದ ಲವಣವನ್ನು ಬೆರೆಸಿದ್ದರು. ಬ್ರೆಜಿಲಿನ ಚರ್ಮವೈದ್ಯೆ ಪಟ್ರೀಷಿಯಾ ರಿಟ್ಟೆಸ್ ಇದನ್ನು ಕಣ್ಣಿನ ಕೆಳರೆಪ್ಪೆಯ ಕೊಬ್ಬಿಗೆ ಚುಚ್ಚಿ, ಫಲಿತಾಂಶವನ್ನು ೨೦೦೧ರಲ್ಲಿ ಪ್ರಕಟಿಸಿದಳು. ಮದ್ದು ದೇಶದೇಶಗಳ ಸೌಂದರ್ಯಾಲಯಗಳಿಗೆ ಹಬ್ಬಿತು. ೨೦೦೪ರಲ್ಲಿ ಅಮೆರಿಕದ ಸಂಶೋಧಕರು ಪ್ರಯೋಗಶಾಲೆಯಲ್ಲಿ ಎರಡು ಅಂಶಗಳನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದಾಗ, ಜೀವಕೋಶಗಳನ್ನು ಒಡೆಯುವ ಕೆಲಸದಲ್ಲಿ ಬಹುಪಾಲು ಬೆರಕೆಯ ಪಿತ್ತಲವಣದ್ದೇ ಎಂದು ಹೊರಬಿತ್ತು. ಯಾವುದನ್ನು ಮದ್ದೆಂದು ಮಾರುತ್ತಿದ್ದರೋ ಅದಲ್ಲ, ಅದನ್ನು ಕದಡಲು ಹಾಕಿದ ಸಾಬೂನಿನಂಥ ವಸ್ತುವೇ ಕೊಬ್ಬನ್ನು ಕರಗಿಸುತ್ತಿತ್ತು! ಸಹಸ್ರಾರು ಜನರ ಮೈಗೆ ಹೊಕ್ಕಮೇಲೆ ಮದ್ದಿನಲ್ಲಿ ಮದ್ದು ಯಾವುದೆಂದು ತಿಳಿದದ್ದು ವೈದ್ಯಚರಿತ್ರೆಯಲ್ಲಿ ಅಪರೂಪವಲ್ಲದಿದ್ದರೂ ನೆನಪಿಡತಕ್ಕ ಸಂಗತಿ.

ಈ ಪಿತ್ತಾಮ್ಲವು ನಮ್ಮ ಕರುಳಿನಲ್ಲಿ ಜಿಡ್ಡನ್ನು ಕದಡಿ ಜೀರ್ಣಕ್ಕೆ ಅನುವುಮಾಡುವ ವಸ್ತು. ಚರ್ಮದಡಿಯ ಕೊಬ್ಬಿಗೆ ಚುಚ್ಚಿದಾಗ ಅದು ಕೊಬ್ಬಿನ ಕೋಶಗಳ ಪೊರೆಯನ್ನು ಹರಿಯುತ್ತದೆ, ಕೋಶಗಳು ಸಾಯುತ್ತವೆ, ದೇಹವು ಉರಿಯೂತದ ಮೂಲಕ ಆ ಅವಶೇಷವನ್ನು ವಾರಗಟ್ಟಲೆ ಸಾಗಿಸುತ್ತದೆ. ಊತ, ನೋವು, ಜೋಮು ಇವು ಮದ್ದಿನ ಕೆಲಸದ ಅಂಗಗಳೇ. ಆದರೆ ಪಿತ್ತಾಮ್ಲಕ್ಕೆ ಕಣ್ಣಿಲ್ಲ. ತೀರ ಮೇಲ್ಪದರಕ್ಕೆ ಬಿದ್ದರೆ ಚರ್ಮವನ್ನೇ ಹುಣ್ಣುಮಾಡುತ್ತದೆ, ರಕ್ತನಾಳಕ್ಕೆ ಹೊಕ್ಕರೆ ಆ ನಾಳವು ಪೋಷಿಸುವ ಭಾಗ ಕೊಳೆಯಬಹುದು. ಒಮ್ಮೆ ಚುಚ್ಚಿದ ಮೇಲೆ ಅದನ್ನು ಹಿಂತೆಗೆಯುವ ಪ್ರತಿಮದ್ದಿಲ್ಲ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ೨೦೧೫ರ ಏಪ್ರಿಲಿನಲ್ಲಿ, ಕೃತಕವಾಗಿ ತಯಾರಿಸಿದ ಡಿಯಾಕ್ಸಿಕೋಲಿಕ್ ಆಮ್ಲಕ್ಕೆ ಕೈಬೆಲ್ಲಾ ಎಂಬ ಹೆಸರಿನಲ್ಲಿ ಅನುಮತಿ ಕೊಟ್ಟಿತು. ಆ ಅನುಮತಿಯ ಮಿತಿಯೇ ಸುರಕ್ಷಿತ ಪ್ರಯೋಗದ ಮೊದಲ ಪಾಠ. ಅದು ವಯಸ್ಕರಿಗೆ ಮಾತ್ರ. ಗದ್ದದ ಕೆಳಗಿನ ಕೊಬ್ಬಿಗೆ ಮಾತ್ರ. ಹೊಟ್ಟೆಗಲ್ಲ, ತೊಡೆಗಲ್ಲ, ತೋಳಿಗಲ್ಲ. ಒಂದೊಂದು ಚುಚ್ಚಿಗೆ ೦.೨ ಮಿಲಿಲೀಟರ್, ಚುಚ್ಚಿಗೂ ಚುಚ್ಚಿಗೂ ಒಂದು ಸೆಂಟಿಮೀಟರ್ ಅಂತರ. ಒಂದು ಸಲಕ್ಕೆ ೫೦ ಚುಚ್ಚು ಅಥವಾ ೧೦ ಮಿಲಿಲೀಟರ್ ಮೀರತಕ್ಕದ್ದಲ್ಲ. ಒಂದು ತಿಂಗಳೊಳಗೆ ಮತ್ತೆ ಕೊಡತಕ್ಕದ್ದಲ್ಲ. ಒಟ್ಟು ಆರು ಸಲಕ್ಕಿಂತ ಹೆಚ್ಚಿಲ್ಲ. ದವಡೆಯ ಮೂಳೆಯ ಅಂಚಿನಗುಂಟ ಬಾಯಿಯ ಮೂಲೆಯ ಸ್ನಾಯುಗಳಿಗೆ ಹೋಗುವ ನರವೊಂದಿದೆ. ಆ ಅಂಚಿಗೂ ಅದರ ಕೆಳಗಿನ ಒಂದೂವರೆ ಸೆಂಟಿಮೀಟರಿನಷ್ಟು ಪಟ್ಟಿಗೂ ಸೂಜಿ ತಾಗಬಾರದು. ತಾಗಿದರೆ ನಗುವಾಗ ಬಾಯಿ ಒಂದು ಪಕ್ಕಕ್ಕೆ ವಾಲುತ್ತದೆ. ಅಷ್ಟೆಲ್ಲ ಎಚ್ಚರದ ಪ್ರಯೋಗಪರೀಕ್ಷೆಗಳಲ್ಲಿಯೂ ನೂರರಲ್ಲಿ ನಾಲ್ವರಿಗೆ ಈ ನರದ ತೊಂದರೆಯಾಯಿತು, ಇಬ್ಬರಿಗೆ ನುಂಗಲು ಕಷ್ಟವಾಯಿತು, ೮೭ ಮಂದಿಗೆ ಚುಚ್ಚಿದ ಕಡೆ ಊತ ಅಥವಾ ಬಾವು ಬಂತು. ನರದ ತೊಂದರೆ ಎಲ್ಲರಿಗೂ ಕಾಲಾಂತರದಲ್ಲಿ ಸರಿಹೋಯಿತು; ಕೆಲವರಿಗೆ ತಿಂಗಳುಗಳೇ ಹಿಡಿದುವು. ಮುಖದ ನರಗಳ ದಾರಿಯನ್ನು ಓದಿ, ಶವಚ್ಛೇದನದಲ್ಲಿ ಕಂಡು, ಗುರುವಿನ ಎದುರಿಗೆ ಅಭ್ಯಾಸಮಾಡಿದವರ ಕೈಯಲ್ಲಿ ಇಷ್ಟಾದರೆ, ಎರಡು ದಿನದ ಶಿಬಿರದಲ್ಲಿ ಪ್ರಮಾಣಪತ್ರ ಪಡೆದವರ ಕೈಯಲ್ಲಿ ಏನಾದೀತೆಂಬುದನ್ನು ವಾಚಕರೇ ಊಹಿಸಬಹುದು.

ಚುಚ್ಚುವುದಕ್ಕಿಂತ ಮುಂಚಿನ ಪರೀಕ್ಷೆ ನಮ್ಮ ಮಲೆಗಳ ಮಟ್ಟಿಗೆ ಇನ್ನೂ ಮುಖ್ಯವಾದದ್ದು. ಗದ್ದದ ಕೆಳಗೆ, ಕತ್ತಿನಲ್ಲಿ ಕಾಣುವ ಉಬ್ಬೆಲ್ಲವೂ ಕೊಬ್ಬಲ್ಲ. ಥೈರಾಯ್ಡ್ ಗ್ರಂಥಿಯ ಊತವಿರಬಹುದು, ದುಗ್ಧಗ್ರಂಥಿಗಳ ಊತವಿರಬಹುದು. ಇವಲ್ಲವೆಂದು ಖಚಿತಪಡಿಸಿಕೊಂಡೇ ಮುಂದುವರಿಯಬೇಕೆಂದು ಆ ಮದ್ದಿನ ಜೊತೆಯ ಸೂಚನೆಯಲ್ಲಿಯೇ ಇದೆ. ಮಳೆ ಮಣ್ಣಿನ ಅಯೋಡಿನನ್ನು ತೊಳೆದೊಯ್ಯುವ ಘಟ್ಟದ ಸೀಮೆಯಲ್ಲಿ ಗಳಗಂಡ ಹಳೆಯ ರೋಗ. ಕರ್ನಾಟಕದ ಗಳಗಂಡಪೀಡಿತ ಜಿಲ್ಲೆಗಳಲ್ಲಿ ಚಿಕ್ಕಮಗಳೂರೂ ಒಂದೆಂದು ಗುರುತಿಸಲ್ಪಟ್ಟಿತ್ತು. ಕ್ಷಯದಿಂದ ಕತ್ತಿನ ಗ್ರಂಥಿಗಳು ಊದುವುದಕ್ಕೆ ಗಂಡಮಾಲೆಯೆಂಬ ಹೆಸರು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಕತ್ತನ್ನು ಮುಟ್ಟಿ ನೋಡದೆ, ನುಂಗಿಸಿ ನೋಡದೆ, ಬೇಕಾದರೆ ರಕ್ತಪರೀಕ್ಷೆ ಮಾಡಿಸದೆ ನೇರವಾಗಿ ಸೂಜಿ ಎತ್ತಿಕೊಳ್ಳುವವರ ಮುಂದೆ ಕತ್ತು ಚಾಚದಿರುವುದು ಲೇಸು. ಗರ್ಭಿಣಿಯರಿಗೂ ಮೊಲೆಯೂಡಿಸುವ ತಾಯಂದಿರಿಗೂ ಈ ಮದ್ದು ನಿರಪಾಯವೆಂದು ತೋರಿಸುವ ಪರೀಕ್ಷೆ ನಡೆದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ತೆಗೆದುಕೊಳ್ಳುವವರೂ, ಚುಚ್ಚುವ ಕಡೆ ಹುಣ್ಣು ಸೋಂಕು ಇರುವವರೂ ಅದನ್ನು ಮೊದಲೇ ತಿಳಿಸಬೇಕು.

ಇನ್ನು ನೀರಿನ ವಿಷಯ. ಕಳಸ, ಕುದುರೆಮುಖದ ಕಡೆಯ ಮನೆಗಳಿಗೆ ಗುಡ್ಡದ ಝರಿಯಿಂದ ಪೈಪಿನಲ್ಲಿ ನೀರು ಬರುತ್ತದೆ. ಅದರ ತಿಳಿಯ ಬಗ್ಗೆ ಮಲೆನಾಡಿಗರಿಗೆ ಹೆಮ್ಮೆ, ಆ ಹೆಮ್ಮೆ ನಮಗೂ ಉಂಟು. ಆದರೆ ಕುಡಿಯಲು ಯೋಗ್ಯವಾದ ನೀರು ಸೂಜಿಗೆ ಯೋಗ್ಯವಲ್ಲ. ಕ್ಷಯದ ಜಂತುವಿನ ಬಳಗಕ್ಕೆ ಸೇರಿದ ಕೆಲವು ಜಂತುಗಳು ಮಣ್ಣಿನಲ್ಲಿ, ತಿಳಿನೀರಿನಲ್ಲಿ, ನಲ್ಲಿಯ ಪೈಪಿನೊಳಗೆ ಸುಖವಾಗಿ ವಾಸಿಸುತ್ತವೆ. ಕುಡಿದರೆ ಆರೋಗ್ಯವಂತರಿಗೆ ಸಾಮಾನ್ಯವಾಗಿ ಏನೂ ಆಗದು. ಸೂಜಿಯ ಮೂಲಕ ಚರ್ಮದಡಿಗೆ ಇಳಿದರೆ ಅವು ವಾರಗಳ ಕಾಲ ಸುಮ್ಮನಿದ್ದು, ಅನಂತರ ಗಂಟಾಗಿ, ಕೀವಾಗಿ ಒಡೆಯುತ್ತವೆ. ವಾಡಿಕೆಯ ಆಂಟಿಬಯೋಟಿಕ್ಕುಗಳಿಗೆ ಬಗ್ಗುವುದಿಲ್ಲ, ಚಿಕಿತ್ಸೆಗೆ ತಿಂಗಳುಗಳು ಬೇಕು, ಕಲೆ ಉಳಿಯುತ್ತದೆ. ೨೦೦೫ರಲ್ಲಿ ಅಮೆರಿಕದ ವಾಷಿಂಗ್ಟನ್ನಿನಲ್ಲಿ ಪರವಾನಗಿಯಿಲ್ಲದವರೊಬ್ಬರಿಂದ ಸೌಂದರ್ಯದ ಚುಚ್ಚುಮದ್ದು ಪಡೆದವರ ಗುಂಪಿನಲ್ಲಿ ಇಂಥ ಸೋಂಕು ಕಾಣಿಸಿತು. ಪೆರು ದೇಶದ ಲೀಮಾದಲ್ಲಿಯೂ ಅದೇ ಸುಮಾರಿನಲ್ಲಿ ಕಂಡುಬಂದಿತ್ತು. ಫ್ರಾನ್ಸಿನಲ್ಲಿ ಇಂಥದೇ ಒಂದು ಸೋಂಕಿನ ಮೂಲವನ್ನು ಹುಡುಕುತ್ತ ಹೋದವರು ಕೊನೆಗೆ ನಿಂತದ್ದು, ಚುಚ್ಚುವ ಉಪಕರಣವನ್ನು ನಲ್ಲಿಯ ನೀರಿನಿಂದ ತೊಳೆಯುವ ಅಭ್ಯಾಸದ ಎದುರಿಗೆ. ಆದ್ದರಿಂದ ಸೂಜಿ ಮತ್ತು ಸಿರಿಂಜು ಒಬ್ಬರಿಗೊಂದು, ಅವರ ಕಣ್ಣೆದುರಿಗೆ ಪೊಟ್ಟಣ ಒಡೆದದ್ದಾಗಬೇಕು; ಚರ್ಮವನ್ನು ನಂಜುನಿವಾರಕದಿಂದ ಒರೆಸಬೇಕು; ಒಬ್ಬರಿಗೆ ತೆರೆದ ಸೀಸೆ ಇನ್ನೊಬ್ಬರಿಗೆ ಹೋಗಬಾರದು; ಐಸು ಇಡುವುದಾದರೆ ಕರಗಿದ ನೀರು ಚುಚ್ಚಿದ ರಂಧ್ರಗಳಿಗೆ ತಾಗದಂತೆ ಪ್ಲಾಸ್ಟಿಕ್ ಚೀಲದೊಳಗಿಟ್ಟು ಒತ್ತಬೇಕು. ಆಮೇಲೆ ಮೂರು ನಾಲ್ಕು ವಾರ ಕಳೆದು ಗಂಟು ಎದ್ದರೆ, ಅದು ಹಳೆಯ ಚುಚ್ಚಿನ ಫಲವಿರಬಹುದೆಂದು ವೈದ್ಯರಿಗೆ ಹೇಳಬೇಕು. ನಾಚಿಕೆಯಿಂದ ಮುಚ್ಚಿಟ್ಟರೆ ವೈದ್ಯರು ಬೇರೆ ದಾರಿಯಲ್ಲಿ ಹುಡುಕುತ್ತ ಕಾಲ ಕಳೆಯಬೇಕಾಗುತ್ತದೆ.

ಮದ್ದಿನ ಸೀಸೆಯ ಮೇಲೆ ಏನು ಬರೆದಿದೆಯೆಂಬುದನ್ನು ಓದುವುದು ಶಾಸನ ಓದುವುದಕ್ಕಿಂತ ಸುಲಭ, ಆದರೆ ಓದುವವರು ಕಡಮೆ. ನಮ್ಮ ದೇಶದಲ್ಲಿ ೧೯೪೦ರ ಔಷಧ ಕಾಯಿದೆಗೆ 'ಸೌಂದರ್ಯ ಸಾಮಗ್ರಿ' ಎಂಬ ಮಾತು ಸೇರಿದ್ದು ೧೯೬೨ರ ತಿದ್ದುಪಡಿಯಿಂದ. ಹಚ್ಚುವ ಕ್ರೀಮಿಗೂ ಚುಚ್ಚುವ ಮದ್ದಿಗೂ ನಡುವಣ ಗೆರೆ ಜನರ ಮನಸ್ಸಿನಲ್ಲಿ ಇನ್ನೂ ಸ್ಪಷ್ಟವಾಗಿಲ್ಲ. ಔಷಧದ ಸೀಸೆಯ ಮೇಲೆ ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಾರೀಖು ಇರಲೇಬೇಕು. ಹೊರದೇಶದಿಂದ ಬಂದುದಾದರೆ ಆಮದು ಪರವಾನಗಿಯ ಸಂಖ್ಯೆಯೂ ಇರಬೇಕು. ಇವಿಲ್ಲದ, ಓದಲಾರದ ಲಿಪಿಯ ಚೀಟಿ ಮಾತ್ರವಿರುವ ಸೀಸೆಗಳು ಅಂಚೆಯ ಮೂಲಕ ಲೋಕದಾದ್ಯಂತ ಸಂಚರಿಸುತ್ತಿವೆ. ಬ್ರೆಜಿಲ್ ಸರ್ಕಾರವು ಲಿಪೋಸ್ಟೇಬಿಲನ್ನು ಈ ಶತಮಾನದ ಆರಂಭದಲ್ಲಿಯೇ ನಿಷೇಧಿಸಿತು. ಅಮೆರಿಕದ ಸಂಸ್ಥೆಯು ೨೦೧೦ರಲ್ಲಿ ಕೆಲವು ಸೌಂದರ್ಯಾಲಯಗಳಿಗೆ ಎಚ್ಚರಿಕೆಯ ಪತ್ರ ಕಳುಹಿಸಿತು. ೨೦೨೩ರಲ್ಲಿ ಆಕ್ವಾಲಿಕ್ಸ್, ಲಿಪೋಡಿಸಾಲ್ವ್, ಲಿಪೋ ಲ್ಯಾಬ್, ಕಾಬೆಲೀನ್ ಮುಂತಾದ ಹೆಸರಿನ, ತನ್ನ ಅನುಮತಿಯಿಲ್ಲದ ಮದ್ದುಗಳಿಂದ ಸೋಂಕು, ಕಲೆ, ಚರ್ಮವಿಕಾರ, ನೋವಿನ ಗಂಟುಗಳಾಗುತ್ತಿವೆಯೆಂದು ಸಾರ್ವಜನಿಕರಿಗೆ ತಿಳಿಸಿತು. ತಾನೇ ಮದ್ದು ತರಿಸಿ ಕನ್ನಡಿಯ ಮುಂದೆ ತಾನೇ ಚುಚ್ಚಿಕೊಂಡವರೂ ಇದ್ದಾರೆಂಬುದನ್ನು ಆ ಪ್ರಕಟಣೆಯಿಂದ ತಿಳಿಯಬಹುದು.

ಇದನ್ನು ೨೦೨೫ರಲ್ಲಿ ಭಾರತಕ್ಕೆ ಬಂದ ತೂಕ ಇಳಿಸುವ ಚುಚ್ಚುಮದ್ದುಗಳೊಡನೆ, ಎಂದರೆ ಮೌಂಜಾರೊ, ವೆಗೋವಿ ಮೊದಲಾದುವುಗಳೊಡನೆ, ಬೆರೆಸಬಾರದು. ಅವು ಹಸಿವನ್ನೂ ರಕ್ತದ ಸಕ್ಕರೆಯನ್ನೂ ನಿಯಂತ್ರಿಸುವ ಮದ್ದುಗಳು. ಚುಚ್ಚಿದ ಕಡೆಯ ಕೊಬ್ಬನ್ನು ಕರಗಿಸುವುದಿಲ್ಲ. ಅವುಗಳ ವಿಚಾರವೇ ಬೇರೆ.

ಯಾರು ಕೊಡಬೇಕು, ಎಲ್ಲಿ ಕೊಡಬೇಕು ಎಂಬುದಕ್ಕೆ ಕಾಯಿದೆಯ ಉತ್ತರವುಂಟು. ೨೦೦೭ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ಚಿಕಿತ್ಸಾಲಯವು ನೋಂದಣಿಯಾಗಿರಬೇಕು, ನೋಂದಣಿಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ನೋಂದಣಿಯಿಲ್ಲದೆ ವೈದ್ಯವೃತ್ತಿ ನಡೆಸುವವರಿಗೆ ೨೦೧೯ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯು ಒಂದು ವರ್ಷದವರೆಗಿನ ಸೆರೆವಾಸವನ್ನೋ ೫ ಲಕ್ಷ ರೂಪಾಯಿವರೆಗಿನ ದಂಡವನ್ನೋ ಎರಡನ್ನೂ ಸೇರಿಸಿಯೋ ವಿಧಿಸಿದೆ. ಬ್ಯೂಟಿಪಾರ್ಲರಿನ ಕುರ್ಚಿ, ಹೋಟೆಲಿನ ಕೊಠಡಿ, ಹೋಂಸ್ಟೇಯ ಜಗಲಿ ಇವು ಚಿಕಿತ್ಸಾಲಯಗಳಲ್ಲ; ಅಲ್ಲಿಗೆ ಒಂದು ದಿನದ ಮಟ್ಟಿಗೆ ಬಂದುಹೋಗುವವರು ಎಷ್ಟೇ ಕಲಿತವರಾಗಿರಲಿ, ಮರುದಿನದ ಊತಕ್ಕೆ ಅವರು ದೊರೆಯುವುದಿಲ್ಲ. ೨೦೨೨ರ ಮೇ ತಿಂಗಳಿನಲ್ಲಿ ಕಿರುತೆರೆಯ ನಟಿ ಚೇತನಾ ರಾಜ್ ತನ್ನ ೨೧ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ಬೆನ್ನಿಗೇ ಮೃತಳಾದದ್ದನ್ನು ನಾಡೆಲ್ಲ ಕೇಳಿತು. ಅದು ಚುಚ್ಚುಮದ್ದಲ್ಲ, ಶಸ್ತ್ರಚಿಕಿತ್ಸೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೆ ಮಗಳು ಚಿಕಿತ್ಸೆಗೆ ಹೋದದ್ದು ತಂದೆತಾಯಿಗಳಿಗೆ ತಿಳಿದಿರಲಿಲ್ಲವೆಂದು ಅಂದು ಪತ್ರಿಕೆಗಳಲ್ಲಿ ಬಂದ ವರದಿ ನಮ್ಮನ್ನು ಕಾಡದೆ ಬಿಡುವುದಿಲ್ಲ. ಮನೆಯಲ್ಲಿ ಒಬ್ಬರಿಗಾದರೂ ತಿಳಿದಿದ್ದರೆ, ರಾತ್ರಿ ಉಸಿರು ಕಟ್ಟಿದಾಗ ಏನಾಯಿತೆಂದು ವೈದ್ಯರಿಗೆ ಹೇಳುವ ಬಾಯಿ ಇರುತ್ತದೆ.

ದೂರದ ಲೆಕ್ಕವನ್ನೂ ಹಾಕತಕ್ಕದ್ದು. ಕಳಸದಿಂದ ಜಿಲ್ಲಾ ಆಸ್ಪತ್ರೆಗೆ ಸುಮಾರು ೯೦ ಕಿಲೋಮೀಟರಿನ ಘಟ್ಟದ ದಾರಿ. ಮೂಡಿಗೆರೆಯ ಕಡೆಯವರು ದೊಡ್ಡ ಕಾಯಿಲೆಗೆ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುವುದು ರೂಢಿ. ೨೦೧೯ರ ಆಗಸ್ಟಿನ ಮಳೆಗೆ ಆ ಘಾಟಿಯೇ ಕುಸಿದು ಸಂಚಾರ ನಿಂತಿತ್ತು. ಮದ್ದು ಒಗ್ಗದೆ ಗಂಟಲು ಊದಿದರೆ ನಿಮಿಷಗಳ ಮಾತು. ಹಾಗಾಗಿ ಅಡ್ರಿನಲಿನ್ ಚುಚ್ಚುಮದ್ದೂ ಆಮ್ಲಜನಕವೂ ಅವುಗಳನ್ನು ಬಳಸಬಲ್ಲವರೂ ಇರುವ ಕಡೆಯಲ್ಲೇ ಇದನ್ನು ಮಾಡಿಸಿಕೊಳ್ಳಬೇಕು, ಚುಚ್ಚಿಸಿಕೊಂಡಮೇಲೆ ಸ್ವಲ್ಪ ಹೊತ್ತು ಅಲ್ಲಿಯೇ ಕುಳಿತಿರಬೇಕು, ಕೊಟ್ಟ ಮದ್ದಿನ ಹೆಸರು, ಬ್ಯಾಚ್ ಸಂಖ್ಯೆ, ಪ್ರಮಾಣಗಳನ್ನು ಬರೆಸಿಕೊಂಡು ಬರಬೇಕು. ಆ ಒಂದು ಹಾಳೆ ಮುಂದೆ ಯಾವ ಊರಿನ ವೈದ್ಯರ ಮುಂದೆಯೂ ದಾಖಲೆಯಾಗುತ್ತದೆ.

ಪಂಚಾಂಗದ ಲೆಕ್ಕವೂ ಬೇಕು. ಆರು ಸಲ ಬೇಕಾದವರಿಗೆ, ತಿಂಗಳಿಗೊಂದರಂತೆ, ಮೊದಲ ಚುಚ್ಚಿನಿಂದ ಕೊನೆಯ ಚುಚ್ಚಿಗೆ ಐದು ತಿಂಗಳಾದರೂ ಹಿಡಿಯುತ್ತದೆ. ಅದರ ಮೇಲೆ ಊತ ಇಳಿಯುವ ವಾರಗಳು. ವೈಶಾಖದ ಮದುವೆಗೆ ಕಾರ್ತಿಕದ ಹೊತ್ತಿಗಾದರೂ ಮೊದಲಾಗಬೇಕು. ಅಷ್ಟರಲ್ಲಿ ಅರೇಬಿಕಾ ಹಣ್ಣಿನ ಕೊಯ್ಲು ಶುರುವಾಗಿರುತ್ತದೆ, ಮನೆಯಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ. ಮಾಘ ಕಳೆದು ಕೊಯ್ಲು ಮುಗಿದಮೇಲೆ ಬಂದವರಿಗೆ 'ಎರಡೇ ವಾರದಲ್ಲಿ ಮು_ಗಿಸಿಕೊಡುತ್ತೇವೆ' ಎನ್ನುವವರು ಸಿಕ್ಕಿದರೆ, ಅವರು ಆ ಮದ್ದಿನ ಜೊತೆಯ ಸೂಚನೆಯನ್ನು ಓದಿಲ್ಲ, ಇಲ್ಲವೆ ಅವರ ಕೈಯಲ್ಲಿರುವುದು ಆ ಮದ್ದಲ್ಲ.